ದೋಣಿಯ ತಳದ ತಾಮ್ರದ ತಗಡು

ಕ್ಯಾಸಂಬಳ್ಳಿಯ ಸುತ್ತಮುತ್ತ ಯಾರ ಪಂಪ್‌ಸೆಟ್ ಕೈಕೊಟ್ಟರೂ ಜನ ಕರೆಯುತ್ತಿದ್ದುದು ಮುನಿನಾರಾಯಣಪ್ಪನನ್ನೇ. ಎಂಥ ಹಠಮಾರಿ ನಟ್ಟಾದರೂ ಡೀಸೆಲ್ ಕುಡಿಸಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಒದೆಯುವ ಎಮ್ಮೆಯನ್ನು ಪುಸಲಾಯಿಸಿದ ಹಾಗೆ ಬಿಚ್ಚಿಬಿಡುತ್ತಿದ್ದ. ಕೆರೆ ತುಂಬಿದ ವರ್ಷ ಮೀನು ಸಾಕುವ ಹುಚ್ಚು ಹತ್ತಿ ಒಂದು ಹಳೆಯ ಅಲ್ಯೂಮಿನಿಯಂ ದೋಣಿ ತಂದನಲ್ಲ, ಅಲ್ಲಿಂದ ಅವನ ತಲೆ ಕೆಟ್ಟಿತು.

ಅವನ ಹೆಂಡತಿ ಅಂಜಮ್ಮನಿಗೆ ನೀರೆಂದರೆ ಜೀವಭಯ. ಅವಳ ಅಣ್ಣ ಅದೇ ಕೆರೆಯಲ್ಲಿ ಮುಳುಗಿ ಸತ್ತಿದ್ದ. ಗಂಡ ದೋಣಿ ಹತ್ತುವುದಕ್ಕೆ ಅವಳು ಒಪ್ಪಿದ್ದು ಒಂದೇ ಮಾತಿನ ಮೇಲೆ: ಗಂಗಮ್ಮನ ಗುಡಿಯ ಪೂಜಾರಿ ಮಂತ್ರಿಸಿಕೊಟ್ಟ ತಾಮ್ರದ ತಗಡು ದೋಣಿಯಲ್ಲಿರಬೇಕು. ಅದು ದೋಣಿಯ ಮೈಗೆ ತಾಗಿಕೊಂಡೇ ಇರಬೇಕು, ಇಲ್ಲವಾದರೆ ಫಲವಿಲ್ಲ ಎಂದು ಪೂಜಾರಿ ಹೇಳಿದ್ದ. ಮುಂದುಗಡೆ ಕೂರುವ ಹಲಗೆಯ ಕೆಳಗೆ, ತಳಕ್ಕೇ ಅದನ್ನು ಬಿಗಿದ ಮೇಲೆ ಅವಳಿಗೆ ನಿದ್ದೆ ಹತ್ತಿತು.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಹಿಡಿದಿದ್ದ ಕಬ್ಬಿಣದ ಬೋಲ್ಟುಗಳು ತುಕ್ಕು ಹಿಡಿದು ಉಬ್ಬಿದವು. ತಲೆ ಸವೆದು ಸ್ಪ್ಯಾನರ್ ಜಾರತೊಡಗಿದಾಗ ಉಳಿಯಿಟ್ಟು ಕತ್ತರಿಸಿ ತೆಗೆದ. ಆಂಡರ್ಸನ್‌ಪೇಟೆಯ ಬಾಲಾಜಿಯ ಹಾರ್ಡ್‌ವೇರ್ ಅಂಗಡಿಯಿಂದ ಸ್ಟೀಲ್ ಬೋಲ್ಟು ತಂದು ಹಾಕಿದ, ಬಣ್ಣ ಬಳಿದ. ಆದರೂ ದೋಣಿಯೊಳಗೆ ನೀರು ಬಂತು. ತಳದಲ್ಲಿ ಸುಣ್ಣದಂಥ ಬಿಳಿ ಪುಡಿ, ಅದನ್ನು ಕೆರೆದರೆ ತೂತು.

ತುಕ್ಕೆಂದರೆ ಕೆಂಪಗಿರಬೇಕು, ಇದು ಬೆಳ್ಳಗಿದೆ. ಕಬ್ಬಿಣವೇ ಇಲ್ಲದ ಕಡೆ ತುಕ್ಕು ಬರುವುದಾದರೂ ಹೇಗೆ? ಕೆರೆಯ ನೀರನ್ನು ಬೈದ, ಬಣ್ಣದ ಡಬ್ಬಿಯನ್ನು ಬೈದ, ಆಚೆಮನೆಯವರ ಕಣ್ಣನ್ನೂ ಬಿಡಲಿಲ್ಲ. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬಾಯಿ ಬಿಡುತ್ತಿತ್ತು. ಪ್ರತಿ ಸಲವೂ ತಗಡನ್ನು ಬಿಚ್ಚಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಅರಿಶಿನ ಕುಂಕುಮವಿಟ್ಟು ಮತ್ತೆ ಅಲ್ಲೇ ಬಿಗಿಯುತ್ತಿದ್ದ. ಪುಣ್ಯಾತ್ಮ ಲೋಕವನ್ನೆಲ್ಲ ಅನುಮಾನಿಸಿದ, ಅದೊಂದನ್ನು ಬಿಟ್ಟು.

ಕೊನೆಗೆ ಬಾಲಾಜಿಯನ್ನೇ ಕೆರೆಗೆ ಕರೆತಂದ. ಬಾಲಾಜಿ ಹಲಗೆಯ ಕೆಳಗೆ ಬಗ್ಗಿ ನೋಡಿದ.

"ಮುನಿಯಣ್ಣಾ, ಈ ತಾಮ್ರ ಯಾರು ಮಡಗಿದ್ದು?"

"ನಮ್ಮನೇವಳು. ದೇವ್ರುದು ಕಣಪ್ಪ."

"ದೇವ್ರುದೇ ಇರ್ಲಿ. ತಾಮ್ರಾನೂ ಅಲ್ಯೂಮಿನಿಯಮ್ಮೂ ನೀರಲ್ಲಿ ಅಂಟ್ಕಂಡಿದ್ರೆ ತಾಮ್ರಕ್ಕೇನೂ ಆಗಲ್ಲ, ಅಲ್ಯೂಮಿನಿಯಂ ಕರಗೋಯ್ತದೆ. ಸ್ಟೀಲೂ ಅಂಗೇ, ಬೋಲ್ಟು ತಳಕ್ಕೆ ತಾಗ್ದಂಗೆ ರಬ್ಬರ್ ವಾಷರ್ ಆಕು. ಇದನ್ನ ಮೊದ್ಲು ಕಿತ್ತಾಕು, ಇಲ್ದಿದ್ರೆ ಒಂದಿನ ನಡುನೀರಲ್ಲಿ ತಳಾನೇ ಓಗ್ತದೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮುನಿನಾರಾಯಣಪ್ಪ ತಗಡನ್ನು ಕೈಯಲ್ಲಿ ಹಿಡಿದು ಕೆರೆಯ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತ. ಕಾಯಬೇಕಾದದ್ದೇ ಕೊಲ್ಲುವುದಾದರೆ ಯಾವುದನ್ನು ನಂಬುವುದು? ಇಟ್ಟರೆ ದೋಣಿ ಉಳಿಯುವುದಿಲ್ಲ, ತೆಗೆದರೆ ಅಂಜಮ್ಮ ಉಳಿಯುವುದಿಲ್ಲ. ಸುಮ್ಮನೆ ಜೇಬಿಗೆ ಹಾಕಿಕೊಂಡು ಸುಳ್ಳು ಹೇಳಿದರೇನು? ಹಾಗೆಂದುಕೊಂಡು ಎದ್ದವನು, ಮನೆಗೆ ಹೋಗಿ ಅವಳ ಮುಖ ನೋಡಿದ್ದೇ ಎಲ್ಲವನ್ನೂ ಒದರಿಬಿಟ್ಟ.

ಅಂಜಮ್ಮ ಬಿರಬಿರನೆ ಕೆರೆಗೆ ಬಂದು, ದಡದಲ್ಲಿ ಮಗುಚಿದ್ದ ದೋಣಿಯ ತೂತಿಗೆ ಕಿರುಬೆರಳು ತೂರಿಸಿ ನೋಡಿದಳು.

"ನನ್ ಕೈಯಾರೆ ನಿನ್ನ ಮುಳುಗಿಸ್ತಿದ್ನಾ?"

"ಅಂಗಲ್ಲ ಕಣಮ್ಮಿ," ಎಂದ. ಜೇಬಿನಿಂದ ತಗಡು ತೆಗೆದು ಅವಳ ಕೈಗಿಟ್ಟ.

ತೂತುಗಳಿಗೆಲ್ಲ ತೇಪೆ ಹಾಕಿಸಿದ. ಬೋಲ್ಟುಗಳಿಗೆ ರಬ್ಬರ್ ವಾಷರ್ ಕೂರಿಸಿದ. ಬಣ್ಣ ಒಣಗಿದ ದಿನ ದೋಣಿ ನೂಕಲು ಹೋದರೆ ಅಂಜಮ್ಮ ಆಗಲೇ ಬಂದು ನಿಂತಿದ್ದಳು. ಪಾದವನ್ನೂ ಕೆರೆಯಲ್ಲಿ ತೋಯಿಸದವಳು ಸೆರಗು ಸಿಕ್ಕಿಸಿ, ಕಣ್ಣು ಮುಚ್ಚಿಕೊಂಡು ದೋಣಿ ಹತ್ತಿ, ಮುಂದಿನ ಹಲಗೆಯ ಮೇಲೆ ಕೂತಳು.

"ಲೇ, ನಿಂಗೇನ್ ಬಂತು? ಇಳಿ."

"ಆ ಜಾಗ ಖಾಲಿ ಬಿಡಾಕಾಗಲ್ಲ. ನಾನಿರ್ತೀನಿ. ನೂಕು."

ಅವನು ನೂಕಿ ತಾನೂ ಹತ್ತಿದ. ದೋಣಿ ತೇಲಿತು, ಒಂದು ಹನಿಯೂ ಒಳಗೆ ಬರಲಿಲ್ಲ. ಆದರೂ ಮುನಿನಾರಾಯಣಪ್ಪ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದ. ದಡ ದೂರವಾದಂತೆಲ್ಲ, ಹುಟ್ಟಿದಾಗಿನಿಂದ ನೀರಿಗೆ ಹೆದರದವನು, ಅವಳು ಕೂತ ಹಲಗೆಯ ಬೋಲ್ಟುಗಳನ್ನೇ ಮತ್ತೆ ಮತ್ತೆ ಮುಟ್ಟುತ್ತಿದ್ದ.