ಮೂರನೆಯ ಬಸಿರಿಗೆ ಕುಬಸ

ನಮ್ಮ ಕಡೆ ಕುಬಸ ಮಾಡುವುದು ಚೊಚ್ಚಲ ಬಸಿರಿಗೆ. ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ, ಉಣ್ಣಿಸಿ ಆರತಿ ಎತ್ತುತ್ತಾರೆ. ಐಗಳಿ ಊರಿಗೆ ಕೊಟ್ಟ ನನ್ನ ತಂಗಿಗೆ ಅದೆಲ್ಲ ಆಗಿ, ಎರಡು ಹೆಣ್ಣುಮಕ್ಕಳೂ ಆಗಿದ್ದವು. ಆದರೂ ಮೂರನೆಯದಕ್ಕೆ ಕುಬಸ ಮಾಡಲೇಬೇಕೆಂದು ಅವಳ ಅತ್ತೆ ಹಟ ಹಿಡಿದಳು. ಯಾಕೆ? ತಂಗಿಯ ಕಾಲು ಬಾತಿದ್ದವು.

"ಕಾಲ ಬಾತಾವಂದ್ರ ಗಂಡಸ ಮಗಾನ!" ಎಂದು ಬಂದವರಿಗೆಲ್ಲ ಸೊಸೆಯ ಸೀರೆ ಸರಿಸಿ ಪಾದ ತೋರಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು. ಬಸಿರಿನಲ್ಲಿ ಕೂಸಿಗೆ ಅನ್ನ ಒದಗಿಸುವುದು ಮಾಸು. ತಂದೆಯಿಂದ ಬಂದ ಕೆಲವು ವಂಶವಾಹಿಗಳು ಆ ಮಾಸನ್ನು ಬೆಳೆಸಿ, ತಾಯಿಯ ರಕ್ತದಿಂದ ಇನ್ನಷ್ಟು, ಮತ್ತಷ್ಟು ಎಳೆಯಲು ನೋಡುತ್ತವೆ. ಅವಳು ಸೊರಗಿದರೆ ಅವಕ್ಕೇನು? ತಾಯಿಯಿಂದ ಬಂದವು ಸಾಕು ಮಾಡು ಎಂದು ಲಗಾಮು ಹಾಕುತ್ತವೆ. ಗಂಡು ಹೆಣ್ಣಿನ ಈ ಜಗ್ಗಾಟ ಮನುಷ್ಯರಿಗಿಂತ ಹಳೆಯದು ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಹೊಟ್ಟೆಯೊಳಗಾದರೂ ತಾಯಿಯ ಕಡೆ ಜಗ್ಗುವವರಿದ್ದಾರೆ. ಈ ಮನೆಯಲ್ಲಿ ಒಬ್ಬರಾದರೂ ಇದ್ದರೇ?

ಕುಬಸದ ದಿನ ತಂಗಿಯ ಮುಂದೆ ಹೋಳಿಗೆಯ ಮೇಲೆ ಹೋಳಿಗೆ, ಉಪ್ಪಿನಕಾಯಿ, ಹಪ್ಪಳ. ಯಾರೋ ಬಾಯಿಗೆ ತುತ್ತಿಡುತ್ತಿರುವಾಗಲೇ ತಂಗಿ ನನ್ನ ಕೈ ಹಿಡಿದಳು.

"ಅಕ್ಕಾ, ತಲಿ ಸಿಡ್ಯಾಕತ್ತೈತಿ. ಕಣ್ಣ ಮಂಜ ಆಗ್ಯಾವ."

ಆ ಕಾಲಬಾವು ಗಂಡುಮಗನ ಗುರುತಲ್ಲ, ಏರಿದ ರಕ್ತದೊತ್ತಡದ್ದು. ನಾನು ಅವಳನ್ನು ಮಣೆಯಿಂದ ಎಬ್ಬಿಸಿದೆ. ಅವಳ ಗಂಡ ಅಡ್ಡ ಬಂದ.

"ಅಕ್ಕಾರ, ಆರತಿ ಒಂದ ಮುಗೀಲಿರಿ."

"ಬೆಂಕಿ ಹಚ್ಚ ನಿನ್ನ ಆರತಿಗೆ! ಗಾಡಿ ತಗಿ ಮೊದಲ!"

ಅಥಣಿಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು. ತಿಂಗಳು ತುಂಬದ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಂಗಿ ಬದುಕಿದ್ದೇ ದೊಡ್ಡದು, ಇನ್ನೊಂದು ಬಸಿರಾದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಗಂಡನೆದುರೇ ಹೇಳಿಹೋದರು.

ಮೂರನೆಯ ದಿನ ಅತ್ತೆ ಬಂದಳು. ಕೂಸಿನ ಕಡೆ ತಿರುಗಿಯೂ ನೋಡಲಿಲ್ಲ. ಮಂಚದ ಪಕ್ಕ ಕೂತು, "ಡಾಕ್ಟರ್ ಹಂಗ ಅಂತಾರ ಬಿಡ. ಇನ್ನೊಂದ ಸಲ ನೋಡೂಣು," ಎಂದಳು. ಮಗ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆ ಸುಮ್ಮನಿದ್ದ ಬಾಯಿಗೆ ಒಂದು ಬಿಗಿಯಬೇಕೆನಿಸಿತು ನನಗೆ.

ತಂಗಿ ಕಣ್ಣು ಬಿಟ್ಟಳು. "ಅಕ್ಕಾ, ಡಾಕ್ಟರ್‌ಗ ಕರಿ. ಮಕ್ಕಳಾಗಧಂಗ ಆಪರೇಶನ್ ಮಾಡ್ಸೂದೈತಿ."

"ನಿನಗ ಈ ಸ್ಥಿತಿಯಾಗ ಮತ್ತ ಆಪರೇಶನ್ ಯಾಕ?" ಎಂದ ಗಂಡ.

"ನನಗಲ್ರಿ, ನಿಮಗ," ಎಂದಳು. "ನಂದ ಮೂರ ಸಲ ಆತು. ಇನ್ನ ನಿಮ್ಮ ಪಾಳಿ."