ಸೊಣ್ಣಪ್ಪನ ಗಡಿಯಾರಕ್ಕೆ ಹೊಸ ಬಣ್ಣ

ಕ್ಯಾಸಂಬಳ್ಳಿಯ ದನದ ದಲ್ಲಾಳಿ ಸೊಣ್ಣಪ್ಪ ಮೈ ತೊಳೆಯದೆ, ಕೊಂಬು ಹೆರೆದು ಬಣ್ಣ ಬಳಿಯದೆ ಯಾವ ಎತ್ತನ್ನೂ ಸಂತೆಗೆ ಹೊಡೆದವನಲ್ಲ. ಅವನ ಕೈಗೆ ಸಿಕ್ಕರೆ ಮುದಿ ಎತ್ತೂ ಮದುವಣಿಗನೇ.

ಅವನಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾಗ ಬಿಳಿ ದೊರೆಯೊಬ್ಬ ಊರು ಬಿಡುವ ಮುನ್ನ ಕೊಟ್ಟ ಕೈಗಡಿಯಾರ ಪೆಟ್ಟಿಗೆಯಲ್ಲಿತ್ತು. ಮಗಳು ಪುಷ್ಪ ಅದರ ಫೋಟೊ ಕಳಿಸಿದ್ದೇ ತಡ, ಬೆಂಗಳೂರಿನ ಹರಾಜು ಸಂಸ್ಥೆಯವರು ಕೂಡಲೇ ತನ್ನಿ ಎಂದರು. ಬಿಳಿ ಡಯಲ್ಲು ಕಾಫಿ ಬಣ್ಣಕ್ಕೆ ತಿರುಗಿದ್ದು ನೋಡಿ ಸೊಣ್ಣಪ್ಪನಿಗೇ ನಾಚಿಕೆಯಾಯಿತು. ಉರಿಗಾಂನ ರಿಪೇರಿ ಅಂಗಡಿಯಲ್ಲಿ ಡಯಲ್ಲಿಗೆ ಹೊಸ ಬಿಳಿ ಬಣ್ಣ ಬಳಿಸಿ, ಕೇಸಿಗೆ ಫಳಫಳ ಪಾಲಿಶ್ ಹಾಕಿಸಿದ. ತನ್ನ ನರೆತ ಮೀಸೆಗೂ ಕಪ್ಪು ಬಣ್ಣ ಹಚ್ಚಿಕೊಂಡು ಬಂಗಾರಪೇಟೆಯಲ್ಲಿ ರೈಲು ಹತ್ತಿದ.

ಹರಾಜಿನ ಹಾಲ್‌ನಲ್ಲಿ ಚೀನಾದಿಂದ ಬಂದ ಮರದ ಶಿಲ್ಪವೊಂದು ಮೈತುಂಬ ಬಿರುಕು ಬಿಟ್ಟುಕೊಂಡು ನಿಂತಿತ್ತು. "ಪಾಪ, ಒಂದು ಕೈ ವಾರ್ನೀಶಾದ್ರೂ ಬಳೀಬಾರ್ದಿತ್ತಾ?" ಎಂದು ಸೊಣ್ಣಪ್ಪ ಮರುಗಿದ. ಅಷ್ಟರಲ್ಲಿ ಗಡಿಯಾರ ಕೈಗೆತ್ತಿಕೊಂಡ ಅಧಿಕಾರಿ ತಲೆ ಮೇಲೆ ಕೈ ಹೊತ್ತು ಕೂತ.

"ಯಜಮಾನ್ರೇ, ಎಂಥ ಕೆಲಸ ಮಾಡಿದ್ರಿ! ಜನ ಮುಗಿಬೀಳ್ತಿದ್ದದ್ದೇ ವಯಸ್ಸಾಗಿ ತಾನಾಗೇ ಬಂದಿದ್ದ ಆ ಕಾಫಿ ಬಣ್ಣಕ್ಕೆ. ಇನ್ನು ಇದನ್ನ ಯಾರೂ ಮೂಸಿ ನೋಡಲ್ಲ."

ಸೊಣ್ಣಪ್ಪ ಗಡಿಯಾರವನ್ನು ತನ್ನ ಕೈಗೇ ಕಟ್ಟಿಕೊಂಡು ಮನೆಗೆ ಬಂದ.

"ಅಲ್ಲಿ ಮುದಿಯಾದಷ್ಟೂ ಬೆಲೆ ಜಾಸ್ತಿಯಂತೆ ಕಣೇ. ಅದೂ ಒಂದು ಸಂತೆನಾ?" ಎಂದು ಹೆಂಡತಿಯ ಮುಂದೆ ರೇಗಿದ.

ಅನಸೂಯಮ್ಮ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಅಂಗಾದ್ರೆ ಮೊದ್ಲು ಆ ಮೀಸೆ ಬಣ್ಣ ತೊಳ್ಕೊಂಡು ಬನ್ನಿ. ನಿಮ್ಗಾದ್ರೂ ಒಳ್ಳೆ ಗಿರಾಕಿ ಸಿಕ್ಕಾರು!"