ಸುಮಿತ್ರಕ್ಕ ಹೇಳದ ಮಾತು

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಒಂದು ದಿನಪತ್ರಿಕೆಗೆ ರೋಣ ತಾಲ್ಲೂಕಿನ ವರದಿಗಾರ. ನರಗುಂದ, ಗಜೇಂದ್ರಗಡದ ಸುದ್ದಿಗೂ ನಾನೇ ಓಡಬೇಕಿತ್ತು. ಪುರಸಭೆಯ ಜಗಳ, ಹೆಸರುಕಾಳಿನ ಧಾರಣೆ, ಬಸ್ಸಿನ ಅಪಘಾತ, ಹೀಗೆ ಇಪ್ಪತ್ತೆಂಟು ವರ್ಷ ಬರೆದಿದ್ದರಲ್ಲಿ ಹೆಚ್ಚಿನದು ನನಗೇ ನೆನಪಿಲ್ಲ. ಸುದ್ದಿಯ ನಡುವೆ ಚೌಕಟ್ಟು ಹಾಕಿ ಅಚ್ಚಾದ ಮೂರೇ ವಾಕ್ಯದ ಒಂದು ಬಾಕ್ಸ್ ಮಾತ್ರ ಅಕ್ಷರಶಃ ನೆನಪಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಮೊದಲು ನಮ್ಮ ವೃತ್ತಿಯ ಒಂದು ಗುಟ್ಟು ಹೇಳಿಬಿಡುತ್ತೇನೆ. ಯಾವ ಸುದ್ದಿಯಾದರೂ ಜೊತೆಗೆ ನಾಲ್ಕು ಜನರ ‘ಅನಿಸಿಕೆ’ ಇರಲೇಬೇಕು ಎಂಬುದು ಡೆಸ್ಕಿನ, ಅಂದರೆ ಹುಬ್ಬಳ್ಳಿಯಲ್ಲಿ ಕೂತು ಪುಟ ಕಟ್ಟುವವರ ಹಟ. ಬಜೆಟ್ ಬಂದರೂ ಅನಿಸಿಕೆ, ಮಳೆ ಬಂದರೂ ಅನಿಸಿಕೆ! ಗುರುತಿನವರಿಗೆ ಫೋನ್ ಮಾಡಿದರೆ ಬರುವ ಉತ್ತರ ಒಂದೇ: “ನೀವ ಏನರ ಚಲೋ ಹಂಗ ಬರ್ಕೋರಿ ಸರ, ಫೋಟೋ ಅಷ್ಟ ಕಳಸ್ತೀನಿ.” ನಾನು ಬರೆದುಕೊಳ್ಳುತ್ತಿದ್ದೆ. ಮರುದಿನ ಅದನ್ನು ಓದಿ ಅವರೇ, “ಭಾಳ ಚಲೋ ಮಾತಾಡೇನಲ್ರಿ ನಾ!” ಎಂದು ಹಿಗ್ಗುತ್ತಿದ್ದರು. ಇದು ತಪ್ಪೆಂದು ಅವರಿಗೂ ಅನಿಸಿರಲಿಲ್ಲ, ನನಗಂತೂ ಮೊದಲೇ ಇಲ್ಲ.

ಆ ವರ್ಷ ‘ಎರಿಮಣ್ಣು’ ಬ್ಯಾಂಡ್ ಮತ್ತೆ ಒಂದಾಗುತ್ತದೆ ಎಂಬ ಸುದ್ದಿ ಬಂತು. ಹೊರಗಿನವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಈಗ ನಲವತ್ತು ದಾಟಿದವರ ಮುಂದೆ ಆ ಹೆಸರು ತೆಗೆದು ನೋಡಿ. ರೋಣದ ಕಾಲೇಜಿನ ನಾಲ್ಕು ಹುಡುಗರು ಗಿಟಾರು, ಡ್ರಮ್ಮು ಹಿಡಿದು ನಮ್ಮ ಆಡುಮಾತಿನಲ್ಲೇ ರಾಕ್ ಹಾಡಿದ್ದರು. ತಂದದ್ದು ಒಂದೇ ಕ್ಯಾಸೆಟ್. ಅದನ್ನು ಒಬ್ಬರಿಂದೊಬ್ಬರು ಕಾಪಿ ಮಾಡಿಕೊಂಡು, ಟೇಪು ಸವೆಯುವವರೆಗೆ ಕೇಳಿದರು. ಹಾಡುತ್ತಿದ್ದವನು ನರಗುಂದದ ವಿನಾಯಕ. ಹಾಡು ಬರೆದು, ರಾಗ ಹಾಕಿ, ಗಿಟಾರ್ ನುಡಿಸುತ್ತಿದ್ದವನು ಗಜೇಂದ್ರಗಡದ ನೇಕಾರರ ಮನೆಯ ಪರಶುರಾಮ, ಎಲ್ಲರ ಬಾಯಲ್ಲಿ ಪರಸು. ಅವರಿಬ್ಬರು ಜಗಳವಾಡಿದ ಮೇಲೆ ಬ್ಯಾಂಡ್ ಒಡೆಯಿತು. ಇಪ್ಪತ್ತು ವರ್ಷದ ನಂತರ ಉಳಿದ ಮೂವರು ಒಂದಾಗುವ ಹೊತ್ತಿಗೆ ಪರಸು ಕಾಯಿಲೆಯಿಂದ ತೀರಿಹೋಗಿದ್ದ.

ಕಾರ್ಯಕ್ರಮ ರೋಣದ ಎಪಿಎಂಸಿ ಆವರಣದಲ್ಲಿ, ಭಾನುವಾರ ಸಂಜೆ ನಾಲ್ಕಕ್ಕೆ. ಹಿಂದಿನ ದಿನವೇ ಅಭಿಮಾನಿಗಳಿಗೆ ಫೋನ್ ಹಚ್ಚಿದೆ. ಅಬ್ಬಿಗೇರಿಯ ಬಸ್ ಕಂಡಕ್ಟರ್ ಒಬ್ಬ ರಜೆ ಹಾಕಿದ್ದನಂತೆ. ಶಿರೋಳದ ಮಾಸ್ತರರೊಬ್ಬರು ಹಳೆಯ ಜೀನ್ಸ್ ಪ್ಯಾಂಟು ಹುಡುಕಿಸಿ, ಅದು ಸೊಂಟಕ್ಕೆ ಏರದೆ ಹೆಂಡತಿಯಿಂದ ಬೈಸಿಕೊಂಡಿದ್ದರು. ಇಬ್ಬರೂ “ನೀವ ಬರ್ಕೋರಿ” ಎಂದರು.

ಪರಸುವಿನ ಅಕ್ಕ ಸುಮಿತ್ರಾ ಹಾಗೆನ್ನಲಿಲ್ಲ. ಗಜೇಂದ್ರಗಡದಲ್ಲಿ ಸೀರೆಗೆ ಫಾಲ್, ಪಿಕೋ ಹಾಕುವ ಅಂಗಡಿ ಇಟ್ಟುಕೊಂಡವರು. ಹುಡುಗರು ಮಗ್ಗದ ಮನೆಯಲ್ಲಿ ಅಭ್ಯಾಸ ಮಾಡುವಾಗ ಚಹಾ ಕೊಟ್ಟು, ಪ್ರತಿ ಹಾಡನ್ನೂ ಎಲ್ಲರಿಗಿಂತ ಮೊದಲು ಕೇಳಿದವರು. ಅವರೆಂದರು: “ಸರ, ನಾ ಬರೂದು ಒಂದಕ್ಕ. ಅವ್ರು ಮೈಕಿನ್ಯಾಗ ನನ್ನ ತಮ್ಮನ ಹೆಸರು ತಗೋತಾರೋ ಇಲ್ಲೋ ನೋಡಾಕ. ಮುಗದ ಮ್ಯಾಲೆ ಕೇಳ್ರಿ, ಹೇಳ್ತೀನಿ. ತಗೊಂಡ್ರ ತಗೊಂಡ್ರು ಅಂತ ಬರೀರಿ, ಇಲ್ಲಂದ್ರ ಇಲ್ಲ ಅಂತ ಬರೀರಿ.”

“ಆತ್ರಿ ಅಕ್ಕಾರ” ಎಂದೆ. ಮಾತು ಕೊಟ್ಟ ಹಾಗೇ ಅದು.

ಭಾನುವಾರ ನಮ್ಮ ಜಿಲ್ಲಾ ಪುಟ ಆರೂವರೆಗೆ ಮುಗಿಯುತ್ತಿತ್ತು. ಆರಾದರೂ ವೇದಿಕೆಯ ಮೇಲೆ “ಮೈಕ್ ಚೆಕ್, ಹಲೋ” ಬಿಟ್ಟರೆ ಏನೂ ಇಲ್ಲ. ಡೆಸ್ಕಿನಿಂದ ಎರಡು ಫೋನ್ ಬಂದವು. ನಾನು ಬೈಕಿನ ಮೇಲೆ ಕೂತು, ಇನ್ನೂ ಆಗದ ಕಾರ್ಯಕ್ರಮದ ಸುದ್ದಿಯನ್ನು ಮೊಬೈಲಿನಲ್ಲಿ ಬರೆದೆ. ಅಭಿಮಾನಿಗಳು ಕುಣಿದರು, ಕಣ್ಣು ತುಂಬಿಕೊಂಡರು, ಹಳೆಯ ದಿನ ಮರಳಿದವು. ಕಂಡಕ್ಟರನ ಅನಿಸಿಕೆ ಆಯಿತು, ಮಾಸ್ತರರದೂ ಆಯಿತು. ಆದರೆ ತೀರಿಹೋದವನ ಅಕ್ಕನ ಮಾತಿದ್ದರೆ ಸುದ್ದಿಗೆ ತೂಕ ಬರುತ್ತದಲ್ಲ! ಬರೆದೇಬಿಟ್ಟೆ: “ತಮ್ಮ ಇಲ್ಲ ಎಂಬುದೇ ಮರೆತುಹೋಯಿತು. ಅವನ ಗೆಳೆಯರಲ್ಲೇ ಅವನನ್ನು ಕಂಡೆ. ಯಾವ ಕೊರತೆಯೂ ಕಾಣಲಿಲ್ಲ.” ಬರೆದು ಎರಡು ಸಲ ಓದಿಕೊಂಡೆ. ಹೇಳಲು ನಾಚಿಕೆ, ಆದರೆ ಖುಷಿಯಾಯಿತು. ಡೆಸ್ಕಿನವರೂ ಮೆಚ್ಚಿ, ಅದನ್ನೇ ಬಾಕ್ಸ್ ಮಾಡಿ ಅವರ ಫೋಟೋ ಇಟ್ಟರು.

ಕಾರ್ಯಕ್ರಮ ಶುರುವಾಗಿದ್ದು ಆರೂ ಮುಕ್ಕಾಲಿಗೆ. ಮೊದಲ ಹಾಡಿಗೆ ಜನ ನಿಜವಾಗಿಯೂ ಹುಚ್ಚೆದ್ದು ಕುಣಿದರು. ಮಾಸ್ತರರು ಶಾಲು ತಿರುಗಿಸುತ್ತಿದ್ದರು. ಎರಡನೆಯದಕ್ಕೆ ವಿನಾಯಕ ಮೈಕ್ ಹಿಡಿದು, “ಇದು ನಾನು ಕಾಲೇಜಿನ್ಯಾಗ ಇದ್ದಾಗ ಬರದ ಹಾಡು” ಎಂದ. ಕುಣಿತ ಒಮ್ಮೆಲೇ ನಿಂತಿತು. ಆ ಹಾಡು ಯಾರದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಂಡಕ್ಟರ್ ಎದ್ದು ನಿಂತು, “ಏ ವಿನ್ಯಾ, ಬರದವನ ಹೆಸರು ಹೇಳೋ!” ಎಂದು ಕೂಗಿದ. ಆಸೂಟಿಯಿಂದ ಬಂದಿದ್ದ ಗುಂಪೊಂದು “ಪರಸು, ಪರಸು” ಎನ್ನತೊಡಗಿತು. ವಿನಾಯಕ ನಕ್ಕು ಡ್ರಮ್ಮಿನವನಿಗೆ ಸನ್ನೆ ಮಾಡಿದ, ಡ್ರಮ್ಮಿನ ಸದ್ದಿನಲ್ಲಿ ಆ ಹೆಸರು ಮುಳುಗಿತು. ಸುಮಿತ್ರಕ್ಕ ಕುರ್ಚಿ ಬಿಟ್ಟು ಎದ್ದು ಹೊರಟರು.

ಆಗ ಏಳು ಗಂಟೆ. ಪುಟ ಮುಗಿದಿತ್ತು ನಿಜ, ಆದರೆ ಅಚ್ಚಿನ ಯಂತ್ರಕ್ಕೆ ಹೋಗುವವರೆಗೆ ಒಂದು ಬಾಕ್ಸ್ ಕಿತ್ತು ಹಾಕುವುದು ದೊಡ್ಡ ಕೆಲಸವಲ್ಲ. ಫೋನ್ ಕೈಯಲ್ಲೇ ಇತ್ತು. ಮಾಡಲಿಲ್ಲ. ಮಾಡಿದರೆ, “ಕಾರ್ಯಕ್ರಮಕ್ಕೆ ಮೊದಲೇ ಆ ಮಾತು ನಿನಗೆ ಎಲ್ಲಿಂದ ಬಂತು?” ಎಂದು ಕೇಳುತ್ತಾರೆ. ಅವಸರದಲ್ಲಿ ಬರೆದಿದ್ದನ್ನು ತಪ್ಪು ಎನ್ನಬಹುದು. ಫೋನ್ ಮಾಡದೆ ನಿಂತಿದ್ದಕ್ಕೆ ಏನೆನ್ನಲಿ? ಹೇಡಿತನ, ಅಷ್ಟೆ.

ಮರುದಿನ ಬ್ಯಾಂಡಿನ ಫೇಸ್‌ಬುಕ್ ಪುಟದಲ್ಲಿ ಅಭಿಮಾನಿಗಳು ವಿನಾಯಕನನ್ನು ತರಾಟೆಗೆ ತೆಗೆದುಕೊಂಡಿದ್ದರು. ಬ್ಯಾಂಡ್ ಹಳೆಯ ಹಾಡುಗಳನ್ನು ಯೂಟ್ಯೂಬಿಗೆ ಹಾಕುವುದರಲ್ಲಿತ್ತು; ಅಲ್ಲಾದರೂ ಪರಸುವಿನ ಹೆಸರು ಹಾಕು ಎಂದು ಒಬ್ಬರ ಮೇಲೊಬ್ಬರು ಬರೆದಿದ್ದರು. ಮಧ್ಯಾಹ್ನ ಅವನು ಅಲ್ಲಿ ನನ್ನ ಬಾಕ್ಸಿನ ಫೋಟೋ ಹಾಕಿದ. “ಸ್ವಂತ ಅಕ್ಕಗ ಇಲ್ಲದ ಚಿಂತಿ ನಮಗ್ಯಾಕ?” ಎಂದು ಯಾರೋ ಬರೆದರು. ಅಲ್ಲಿಗೆ ಗದ್ದಲ ತಣ್ಣಗಾಯಿತು. ತಿಂಗಳೊಳಗೆ ಹಾಡುಗಳು ಯೂಟ್ಯೂಬಿಗೆ ಬಂದವು. ಸಾಹಿತ್ಯ, ಸಂಗೀತ: ವಿನಾಯಕ.

ಬಾಕ್ಸ್ ಬಂದ ನಾಲ್ಕನೆಯ ದಿನ ನಾನು ಗಜೇಂದ್ರಗಡಕ್ಕೆ ಹೋಗಿದ್ದೆ. ಸುಮಿತ್ರಕ್ಕ ಮಷಿನ್ ನಿಲ್ಲಿಸಿ, ಪತ್ರಿಕೆ ನನ್ನ ಮುಂದಿಟ್ಟರು.

“ಇದು ನಾ ಹೇಳಿದ್ದೇನ್ರಿ ಸರ?”

“ಅಲ್ರಿ.”

“ಹಂಗಾರ ಅಷ್ಟ ಹಾಕ್ರಿ. ಆಕಿ ಹೇಳಿದ್ದಲ್ಲ ಅಂತ.”

ಅಂಗಡಿಯ ಹೊರಗೆ ನಿಂತು ಡೆಸ್ಕಿಗೆ ಫೋನ್ ಮಾಡಿದೆ. “ಇದೊಂದು ಸುಳ್ಳು ಅಂದ್ರ, ನಿಮ್ಮ ಬಾಕಿ ಅನಿಸಿಕೆ ಎಲ್ಲಾ ಏನ್ರಿ? ವಾರದಾಗ ಮಂದಿ ಮರೀತಾರ, ಬಿಡ್ರಿ” ಎಂದರು. ಬಿಟ್ಟೆ. ಒಳಗೆ ಬಂದು ದೊಡ್ಡ ಮನಸ್ಸು ಮಾಡಿದವನ ಹಾಗೆ, “ಪರಸುನ ಮ್ಯಾಲೆ ಅರ್ಧ ಪುಟದ ಲೇಖನ ಮಾಡ್ತೀನ್ರಿ ಅಕ್ಕಾರ” ಎಂದೆ.

“ಬ್ಯಾಡ್ರಿ. ಅದ್ರಾಗೂ ನಾ ಏನಂದೆ ಅಂತ ನೀವ ಬರ್ಕೋತೀರಿ” ಎಂದು ಅವರು ಮಷಿನ್ ತುಳಿಯತೊಡಗಿದರು.

ಕಳೆದ ವರ್ಷ ನಾನು ಕೆಲಸ ಬಿಟ್ಟೆ. ನನ್ನನ್ನು ಪ್ರಶ್ನಿಸುವ ಡೆಸ್ಕ್ ಈಗ ಇಲ್ಲ. ಹಾಗಿದ್ದೂ ಇದನ್ನು ಬರೆಯಲು ಒಂದು ವರ್ಷ ಹಿಡಿಯಿತು. ಆ ಮೂರು ವಾಕ್ಯ ಸುಮಿತ್ರಕ್ಕನವಲ್ಲ, ನನ್ನವು. ಆ ಹಾಡುಗಳು ವಿನಾಯಕನವಲ್ಲ, ಪರಶುರಾಮನವು. “ನೀವ ಬರ್ಕೋರಿ” ಎಂದವರ ಬಾಯಲ್ಲೂ ನನ್ನ ಮಾತು ತುರುಕುವ ಹಕ್ಕು ನನಗಿರಲಿಲ್ಲ. ಹಾಗೆನ್ನದವರ ಬಾಯಲ್ಲಿ ತುರುಕಿದ್ದಂತೂ ಕಳ್ಳತನ. ವೃತ್ತಿ ಕಲಿಸಿದ್ದು ಇಷ್ಟೇ, ಅದೂ ಕೆಲಸ ಮುಗಿಯುವ ಹೊತ್ತಿಗೆ.

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಗಜೇಂದ್ರಗಡಕ್ಕೆ ಹೋಗಿ ಸುಮಿತ್ರಕ್ಕನಿಗೆ ಪೂರ್ತಿ ಓದಿ ಹೇಳಿದೆ. ಅವರು ಕೆಲಸ ನಿಲ್ಲಿಸದೆ ಕೇಳುತ್ತಿದ್ದರು. ಅವರು ಎದ್ದು ಹೊರಟ ಸಾಲು ಬಂದಾಗ ಕೈ ಎತ್ತಿ ನನ್ನನ್ನು ತಡೆದರು. ಅಲ್ಲಿ ನಾನು “ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ” ಎಂದು ಬರೆದಿದ್ದೆ.

“ನಾ ಯಾವಾಗ ಅತ್ತೀನ್ರಿ?”

ಆ ಸಂಜೆ ನಾನು ನಿಂತಿದ್ದು ವೇದಿಕೆಯ ಪಕ್ಕ. ಕಂಡಿದ್ದು ಅವರ ಬೆನ್ನು ಮಾತ್ರ.

ತಲೆ ತಗ್ಗಿಸಿ ಆ ಮೂರು ಪದ ಹೊಡೆದು ಹಾಕಿದೆ. “ಮತ್ತ ಏನಂತ ಬರೀಲ್ರಿ ಅಕ್ಕಾರ?” ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಅವರನ್ನು ನಾನು ಹಾಗೆ ಕೇಳಿದ್ದು ಅದೇ ಮೊದಲು.

“ಸಿಟ್ಟು ಬಂದಿತ್ತು ಅಂತ ಬರೀರಿ. ಈಗೂ ಐತಿ.”